ಹಳೆಯ ವಿದ್ಯುತ್ ಕಾರಿನ ಮೋಟಾರಿಗೆ ಮೂಲ ಎಣ್ಣೆ ಸಿಗುತ್ತಿಲ್ಲ: ಬದಲಿಗೆ ಯಾವುದನ್ನು ಹಾಕಬಹುದು?

ಹಳೆಬಂಡಿ

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷ ಹಳೆಯದಾದ ಒಂದು ಪುಟ್ಟ ವಿದ್ಯುತ್ ಕಾರನ್ನು ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಮೂರು ವರ್ಷವಾಯಿತು. ಬ್ಯಾಟರಿ ಸೊರಗಿದೆಯಾದರೂ ನನ್ನ ಓಡಾಟಕ್ಕೆ ಸಾಲುತ್ತದೆ. ಈಗ ತೊಂದರೆ ಎದುರಾಗಿರುವುದು ಮೋಟಾರಿನ ಎಣ್ಣೆಯ ವಿಷಯದಲ್ಲಿ. ಕೈಪಿಡಿಯು ಎಣ್ಣೆಯ ಜಾತಿಯನ್ನಾಗಲಿ ಸ್ನಿಗ್ಧತೆಯನ್ನಾಗಲಿ (ಎಣ್ಣೆ ಎಷ್ಟು ದಪ್ಪ ಎಂಬುದನ್ನು) ತಿಳಿಸದೆ, ತಯಾರಕರದೇ ಒಂದು ಬಿಡಿಭಾಗದ ಸಂಖ್ಯೆಯನ್ನಷ್ಟೇ ಕೊಟ್ಟು, ಇದನ್ನಲ್ಲದೆ ಬೇರೆ ಯಾವುದನ್ನೂ ಬಳಸಕೂಡದು ಎಂದು ದಪ್ಪಕ್ಷರದಲ್ಲಿ ಎಚ್ಚರಿಸುತ್ತದೆ. ಆ ಸಂಖ್ಯೆಯ ಡಬ್ಬ ತಯಾರಾಗುವುದು ನಿಂತು ವರ್ಷಗಳೇ ಕಳೆದಿವೆ.

ಮೂವರು ಮೆಕ್ಯಾನಿಕ್‌ಗಳನ್ನು ಕೇಳಿದೆ, ಮೂರು ಉತ್ತರಗಳು ಬಂದವು. ಮೊದಲನೆಯವರು 80ಡಬ್ಲ್ಯು-90 ಗೇರ್ ಆಯಿಲ್ ಹಾಕಿ ಮರೆತುಬಿಡಿ ಎಂದರು. ಎರಡನೆಯವರು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಎಟಿಎಫ್ ಸಾಕು ಎಂದರು. ಮೂರನೆಯವರು, ಒಳಗೆ ಕರೆಂಟ್ ಹರಿಯುವುದರಿಂದ ಟ್ರಾನ್ಸ್‌ಫಾರ್ಮರ್ ಎಣ್ಣೆಯೇ ಸರಿ ಎಂದು ಗಟ್ಟಿಯಾಗಿ ವಾದಿಸಿದರು. ಇದರ ಜೊತೆಗೆ ಮೋಟಾರನ್ನು ತಂಪಾಗಿಡುವ ಕೂಲಂಟ್ ಕೂಡ ಬಣ್ಣಗೆಟ್ಟಿದ್ದು, ಅದರ ಮೂಲ ಹೆಸರೂ ತಿಳಿಯದು. ಇಂಥ ಹಳೆಯ ಗಾಡಿಗಳನ್ನು ಇಟ್ಟುಕೊಂಡಿರುವವರು ಏನನ್ನು ಹಾಕುತ್ತಿದ್ದೀರಿ?

ನೆಲಮಟ್ಟ

ಏನು ಹಾಕಬೇಕೆಂಬುದು ಆಮೇಲಿನ ಮಾತು. ಎಣ್ಣೆ ಇಳಿಸುವ ಮುನ್ನ ತುಂಬುವ ಬಾಯಿಯ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ಕೆಳಗಿನದನ್ನು ಬಿಚ್ಚಿ ಎಲ್ಲವನ್ನೂ ಇಳಿಸಿದ ಮೇಲೆ, ಮೇಲಿನದು ತುಕ್ಕು ಹಿಡಿದು ಕೂತಿದೆ ಎಂದು ತಿಳಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಸಂದೇಹಿ

ಈ ಚರ್ಚೆಯ ಅಗತ್ಯವೇ ನನಗೆ ಕಾಣುತ್ತಿಲ್ಲ. ವಿದ್ಯುತ್ ಗಾಡಿಯಲ್ಲಿ ಇಂಧನ ಉರಿಯುವುದಿಲ್ಲ, ಮಸಿ ಕಟ್ಟುವುದಿಲ್ಲ, ಆದ್ದರಿಂದ ಎಣ್ಣೆ ಕೆಡುವ ಪ್ರಶ್ನೆಯೇ ಇಲ್ಲ. ಎಷ್ಟೋ ತಯಾರಕರು ಅದನ್ನು ಗಾಡಿಯ ಜೀವಮಾನವಿಡೀ ಬದಲಿಸಬೇಕಿಲ್ಲ ಎಂದಿದ್ದಾರೆ. ಇರುವುದನ್ನು ಇದ್ದಂತೆಯೇ ಬಿಡಿ.

ಗೇರುಹಲ್ಲು

ಸಂದೇಹಿಯವರೇ, ಉರಿಯುವುದಿಲ್ಲ ಎಂಬುದು ನಿಜ, ಆದರೆ ಹಲ್ಲಿಗೆ ಹಲ್ಲು ಉಜ್ಜುವುದು ನಿಲ್ಲುವುದಿಲ್ಲವಲ್ಲ. ಮೊದಲ ತಲೆಮಾರಿನ ನಿಸ್ಸಾನ್ ಲೀಫ್ ಕಾರಿನ ಮೋಟಾರು ನಿಮಿಷಕ್ಕೆ 10,000ಕ್ಕೂ ಮೀರಿ ಸುತ್ತುತ್ತದೆ. ಆ ವೇಗವನ್ನು ಸುಮಾರು 7.94ಕ್ಕೆ ಒಂದರಂತೆ ತಗ್ಗಿಸಿ ಚಕ್ರಕ್ಕೆ ಕೊಡುವ ಗೇರುಗಳು ಲೀಟರು ಒಂದೂವರೆಗೂ ಕಡಿಮೆ ಎಣ್ಣೆಯಲ್ಲಿ ಬದುಕಬೇಕು. ಹೊಸ ಗೇರುಗಳು ಹೊಂದಿಕೊಳ್ಳುವಾಗ ಉದುರುವ ಕಬ್ಬಿಣದ ಪುಡಿ ಅಲ್ಲೇ ಸುತ್ತುತ್ತಿರುತ್ತದೆ, ಏಕೆಂದರೆ ಬಹಳಷ್ಟು ಹಳೆಯ ಗೇರು ಪೆಟ್ಟಿಗೆಗಳಲ್ಲಿ ಫಿಲ್ಟರ್ ಇಲ್ಲ, ಹೆಚ್ಚೆಂದರೆ ಡ್ರೇನ್ ಪ್ಲಗ್‌ಗೆ ಒಂದು ಅಯಸ್ಕಾಂತ ಇರುತ್ತದೆ. 'ಜೀವಮಾನ' ಎಂದು ಬರೆದವರು ಗಾಡಿಯ ಜೀವಮಾನವನ್ನು ಹೇಳಿದರೋ ವಾರಂಟಿಯದನ್ನೋ ಎಂಬುದನ್ನು ಹದಿನೈದನೇ ವರ್ಷದಲ್ಲಿ ಕೇಳಬೇಕಾಗುತ್ತದೆ.

ಹಳೆಬಂಡಿಯವರೇ, ನನ್ನ ಮತ ಮೊದಲನೇ ಮೆಕ್ಯಾನಿಕ್ ಕಡೆಗಿದೆ. ಹಲ್ಲು ಸವೆದ ಹಳೆಯ ಗೇರಿಗೆ ಸ್ವಲ್ಪ ದಪ್ಪನೆಯ ಎಣ್ಣೆ ಹಾಕಿದರೆ ಸದ್ದೂ ತಗ್ಗುತ್ತದೆ.

ತಾಮ್ರತಂತಿ

ದಯವಿಟ್ಟು ಇಷ್ಟು ಬೇಗ ಮತ ಹಾಕಬೇಡಿ. ನಾನು ಮೋಟಾರುಗಳಿಗೆ ವೈಂಡಿಂಗ್ ಮಾಡುವವನು, ಅಂದರೆ ಒಳಗಿನ ತಾಮ್ರದ ತಂತಿ ಸುತ್ತುವವನು. ಸುಟ್ಟ ಮೋಟಾರು ಕೊನೆಗೆ ಬರುವುದು ನನ್ನ ಮೇಜಿಗೆ. ಎಣ್ಣೆಯ ಹೆಸರನ್ನು ಕೇಳುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಎಣ್ಣೆ ಒಳಗೆ ಏನನ್ನೆಲ್ಲ ಮುಟ್ಟುತ್ತದೆ?

ಹಳೆಯ ವಿದ್ಯುತ್ ಗಾಡಿಗಳಲ್ಲಿ ಸ್ಥೂಲವಾಗಿ ಮೂರು ಬಗೆಯ ಕಟ್ಟಡಗಳಿವೆ. ಒಂದರಲ್ಲಿ ಮೋಟಾರು ಒಣಗಿಯೇ ಇರುತ್ತದೆ, ಅದರ ಹೊರಗವಚದಲ್ಲಿ ಕೂಲಂಟ್ ಹರಿಯುತ್ತದೆ, ಎಣ್ಣೆಯು ಪಕ್ಕದ ಗೇರು ಪೆಟ್ಟಿಗೆಯಲ್ಲಿ ಮಾತ್ರ ಇರುತ್ತದೆ, ಎರಡರ ನಡುವೆ ಶಾಫ್ಟ್ ಮೇಲೊಂದು ಆಯಿಲ್ ಸೀಲ್ ಕಾವಲಿರುತ್ತದೆ. ಎರಡನೆಯದರಲ್ಲಿ ಎಣ್ಣೆಯೇ ವೈಂಡಿಂಗ್ ಮೇಲೆ ಸುರಿದು ತಂಪು ಮಾಡುತ್ತದೆ, ಅಂದರೆ ಗೇರಿಗೂ ತಾಮ್ರಕ್ಕೂ ಒಂದೇ ದ್ರವ. ಮೂರನೆಯದರಲ್ಲಿ ಮೋಟಾರಿನ ತಿರುಗುವ ಭಾಗವಾದ ರೋಟರ್‌ನ ಟೊಳ್ಳಿನೊಳಕ್ಕೇ ಕೂಲಂಟ್ ಹೋಗಿ ಬರುತ್ತದೆ, ಅಲ್ಲಿ ಸೀಲ್ ಸೋತರೆ ನೀರು ನೇರ ಮೋಟಾರಿನ ಹೊಟ್ಟೆಗೇ ಇಳಿಯುತ್ತದೆ. ಮೊದಲ ಬಗೆಯಲ್ಲಿ ನಡೆಯುವ ಎಣ್ಣೆ ಎರಡನೆಯದರಲ್ಲಿ ಮೋಟಾರನ್ನೇ ಕೊಲ್ಲಬಹುದು.

ಕಾರಣ ಹೇಳುತ್ತೇನೆ. ಮೊದಲನೇ ಮೆಕ್ಯಾನಿಕ್ ಹೇಳಿದಂಥ ಗೇರ್ ಆಯಿಲ್ ಹಲವು ಬಾರಿ ಜಿಎಲ್-5 ಎಂಬ ದರ್ಜೆಯದಾಗಿರುತ್ತದೆ. ಆ ದರ್ಜೆಯ ಎಣ್ಣೆಯಲ್ಲಿ ವಿಪರೀತ ಒತ್ತಡವನ್ನು ತಾಳಲು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಹೆಚ್ಚಾಗಿ ಬೆರೆಸಿರುತ್ತಾರೆ. ಉಕ್ಕಿನ ಹಲ್ಲಿಗೆ ಅದು ಕವಚ, ಆದರೆ ಬಿಸಿಯೇರಿದಾಗ ತಾಮ್ರಕ್ಕೆ ಅದೇ ವಿಷ. ತಾಮ್ರದ ಮೇಲೆ ಕಟ್ಟುವ ಕರಿಯ ಪದರವು ತಾಮ್ರದ ಸಲ್ಫೈಡ್ ಆಗಿದ್ದು, ಅದು ವಿದ್ಯುತ್ತನ್ನು ಹಾಯಿಸುವ ವಸ್ತು. ಅದು ತಂತಿಯಿಂದ ತಂತಿಗೆ ಹಬ್ಬಿದರೆ ಶಾರ್ಟ್ ಆಗಲು ಬೇರೆ ನೆಪ ಬೇಕಿಲ್ಲ.

ಗೇರುಹಲ್ಲು

ತಂತಿಗೆ ಎನಾಮೆಲ್ ಲೇಪ ಇರುವಾಗ ಗಂಧಕ ತಾಮ್ರವನ್ನು ಹೇಗೆ ಮುಟ್ಟುತ್ತದೆ?

ತಾಮ್ರತಂತಿ

ಎನಾಮೆಲ್ ಇರುವುದು ತಂತಿಯ ಉದ್ದಕ್ಕೆ. ತುದಿಗಳನ್ನು ಬೆಸೆದ ಜಾಗ, ಟರ್ಮಿನಲ್, ಬಸ್‌ಬಾರ್, ಉಷ್ಣತೆಯನ್ನು ಅಳೆಯುವ ಸೆನ್ಸರಿನ ಕಾಲು, ಇವೆಲ್ಲ ಎಷ್ಟೋ ವೇಳೆ ಬೆತ್ತಲೆಯಾಗಿಯೇ ಇರುತ್ತವೆ. ಹದಿನೈದು ವರ್ಷ ನಡುಗಿದ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ.

ಬೀಕರ್

ನಾನು ಎಣ್ಣೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ತಾಮ್ರತಂತಿಯವರ ಮಾತಿಗೆ ಒಂದು ಪುರವಣಿ ಸೇರಿಸುತ್ತೇನೆ. ಎಎಸ್‌ಟಿಎಂ ಡಿ130 ಎಂಬ ಪರೀಕ್ಷೆಯಲ್ಲಿ, ಉಜ್ಜಿ ಹೊಳಪಿಸಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಸಾಮಾನ್ಯವಾಗಿ 3 ಗಂಟೆ ಮುಳುಗಿಸಿಟ್ಟು, ಅದರ ಬಣ್ಣವನ್ನು 1ರಿಂದ 4ರವರೆಗಿನ ದರ್ಜೆಯ ಮಾದರಿಗಳೊಂದಿಗೆ ಹೋಲಿಸಲಾಗುತ್ತದೆ. 1 ಎಂದರೆ ಬಣ್ಣ ಹೆಚ್ಚುಕಡಿಮೆ ಮಾಸಿಲ್ಲ, 4 ಎಂದರೆ ಕಪ್ಪಾಗಿದೆ. ಎಣ್ಣೆ ತಯಾರಕರ ತಾಂತ್ರಿಕ ಮಾಹಿತಿ ಹಾಳೆಯಲ್ಲಿ ಈ ಅಂಕಿ ಹಲವು ಬಾರಿ ಇರುತ್ತದೆ, ಅದನ್ನು ಮೊದಲು ನೋಡಿ.

ಮೂರನೇ ಮೆಕ್ಯಾನಿಕ್ ಹೇಳಿದ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಮಾತ್ರ ದಯವಿಟ್ಟು ಹಾಕಬೇಡಿ. ಅದು ಒಳ್ಳೆಯ ನಿರೋಧಕ ಎಂಬುದು ಸರಿಯೇ, ಆದರೆ ಅದನ್ನು ರೂಪಿಸಿರುವುದು ಅಲುಗಾಡದೆ ನಿಂತ ಯಂತ್ರದೊಳಗೆ ಹರಿಯುವುದಕ್ಕೆ. ಐಇಸಿ 60296 ಮಾನದಂಡದ ಪ್ರಕಾರ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ 12 ಸೆಂಟಿಸ್ಟೋಕ್ಸ್ ಮೀರುವಂತಿಲ್ಲ. ಅದೇ ಉಷ್ಣತೆಯಲ್ಲಿ ಸಾಮಾನ್ಯ ಎಟಿಎಫ್ 30ರ ಆಸುಪಾಸಿನಲ್ಲಿರುತ್ತದೆ. ಸವೆತ ತಡೆಯುವ ರಾಸಾಯನಿಕವೂ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಇರುವುದಿಲ್ಲ. ವೈಂಡಿಂಗ್ ಸುಖವಾಗಿರುತ್ತದೆ, ಗೇರು ಮತ್ತು ಬೇರಿಂಗ್ ಬೇಗನೆ ಸತ್ತುಹೋಗುತ್ತವೆ.

ಕಾರ್ಬನ್‌ಬ್ರಷ್

ನನ್ನದು ಪೆಟ್ರೋಲ್ ಕಾರಿಗೆ ಫೋರ್ಕ್‌ಲಿಫ್ಟಿನ ಡಿಸಿ ಮೋಟಾರು ಕೂರಿಸಿದ ಗಾಡಿ. ಗಾಳಿಯೇ ಅದಕ್ಕೆ ಕೂಲಂಟ್, ಸೀಲ್ ಹಾಕಿದ ಬೇರಿಂಗಿನ ಗ್ರೀಸೇ ಅದಕ್ಕೆ ಎಣ್ಣೆ. ನಿಮ್ಮ ಚರ್ಚೆ ಓದಿದಾಗ ನನ್ನ ಬ್ರಷ್ ಪುಡಿ ಗುಡಿಸುವ ಕೆಲಸವೇ ಹಾಯಾಗಿದೆ ಎನಿಸಿತು. ಅದಿರಲಿ, ಗ್ರೀಸ್ ಬಗ್ಗೆ ಒಂದು ಮಾತು: ಮೋಟಾರಿನ ಬೇರಿಂಗಿಗೆ ಗ್ರೀಸ್ ತುಂಬುವ ವ್ಯವಸ್ಥೆಯಿದ್ದರೆ, ಒಳಗಿರುವುದು ಪಾಲಿಯೂರಿಯಾ ಜಾತಿಯದೋ ಲಿಥಿಯಂ ಜಾತಿಯದೋ ಎಂದು ತಿಳಿಯದೆ ಮೇಲಿಂದ ಬೇರೆಯದನ್ನು ಒತ್ತಬೇಡಿ. ಇವೆರಡು ಬೆರೆತರೆ ಗ್ರೀಸ್ ಹಲವು ವೇಳೆ ತೆಳ್ಳಗಾಗಿ ಸೋರಿಹೋಗುತ್ತದೆ. ನಾನು ಹಾಗೆ ಮಾಡಿ ಒಂದು ಬೇರಿಂಗನ್ನು ಆರು ತಿಂಗಳಲ್ಲಿ ಕಳೆದುಕೊಂಡೆ.

ಹಳೆಬಂಡಿ

ಇಷ್ಟು ಉತ್ತರಗಳಿಗೆ ಧನ್ಯವಾದ. ನಿನ್ನೆ ಗಾಡಿಯ ಕೆಳಗೆ ಮಲಗಿ ನೋಡಿದೆ. ಮೋಟಾರಿಗೂ ಗೇರು ಪೆಟ್ಟಿಗೆಗೂ ಬೇರೆ ಬೇರೆ ಕವಚಗಳಿವೆ, ನಡುವೆ ಬೋಲ್ಟ್ ಹಾಕಿದ ಜೋಡಣೆಯಿದೆ, ಮೋಟಾರಿನ ಕವಚಕ್ಕೆ ಕೂಲಂಟಿನ ಎರಡು ಕೊಳವೆಗಳು ಬರುತ್ತವೆ. ಆದ್ದರಿಂದ ತಾಮ್ರತಂತಿಯವರು ಹೇಳಿದ ಮೊದಲ ಬಗೆ ಎಂದುಕೊಂಡಿದ್ದೇನೆ. ಜೋಡಣೆಯ ತಳದಲ್ಲಿ ಬೆಂಕಿಕಡ್ಡಿ ಹೋಗುವಷ್ಟು ಸಣ್ಣ ರಂಧ್ರವೊಂದಿದ್ದು, ಅದರ ಸುತ್ತ ಎಣ್ಣೆಗೆ ಧೂಳು ಮೆತ್ತಿ ಗಟ್ಟಿಯಾಗಿದೆ.

ನೆಲಮಟ್ಟ ಅವರ ಮಾತಿನಂತೆ ಮೇಲಿನ ಪ್ಲಗ್ಗನ್ನೇ ಮೊದಲು ಬಿಚ್ಚಿದೆ. ಕೈಪಿಡಿಯ ಪ್ರಕಾರ 1 ಲೀಟರ್ ಇರಬೇಕಾದಲ್ಲಿ ಇಳಿದದ್ದು 620 ಮಿಲಿಲೀಟರ್ ಮಾತ್ರ. ಕಾಫಿ ಡಿಕಾಕ್ಷನ್ನಿನ ಬಣ್ಣ, ಆದರೆ ಮೇಲಿನ ಪ್ಲಗ್‌ನ ಮರೆಗಳ ಸಂದಿಯಲ್ಲಿ ಮಾತ್ರ ತಿಳಿಗೆಂಪು ಜಿಡ್ಡು ಉಳಿದಿತ್ತು.

ನೆಲಮಟ್ಟ

ಆ ಕೆಂಪು ಬಣ್ಣವೇ ಅರ್ಧ ಉತ್ತರ ಹೇಳುತ್ತಿದೆ. ಸಾಮಾನ್ಯವಾಗಿ ಎಟಿಎಫ್‌ಗೆ ಕೆಂಪು ಬಣ್ಣ ಬೆರೆಸುತ್ತಾರೆ.

ತಾಮ್ರತಂತಿ

ಆದರೆ ಉಳಿದ 380 ಮಿಲಿಲೀಟರ್ ಎಲ್ಲಿಗೆ ಹೋಯಿತು ಎಂಬುದು ಎಣ್ಣೆಯ ಹೆಸರಿಗಿಂತ ದೊಡ್ಡ ಪ್ರಶ್ನೆ. ಆ ಸಣ್ಣ ರಂಧ್ರವನ್ನು ಇಟ್ಟಿರುವುದೇ ಸೀಲ್ ಸೋತಾಗ ಎಣ್ಣೆ ಮೋಟಾರಿಗೆ ಹೋಗದೆ ಹೊರಗೆ ಹನಿಯಲಿ ಎಂದು. ಅದು ಧೂಳಿನಿಂದ ಮುಚ್ಚಿಕೊಂಡಿದ್ದರೆ ಎಣ್ಣೆ ಹೊರಗೆ ಹೋಗಲಾರದೆ ಒಳಗೇ ದಾರಿ ಹುಡುಕಿರುತ್ತದೆ. ಹಾಗಾಗಿ ನಿಮ್ಮ ಮೋಟಾರು ಕಾಗದದ ಮೇಲೆ ಮೊದಲ ಬಗೆಯದಾದರೂ, ಸದ್ಯಕ್ಕೆ ಎರಡನೇ ಬಗೆಯದೇ ಎಂದು ಭಾವಿಸಿ ಎಣ್ಣೆಯನ್ನು ಆರಿಸಬೇಕು.

ಗೇರುಹಲ್ಲು

ಈ ಹೊಸ ಸಂಗತಿ ನನ್ನ ಅಭಿಪ್ರಾಯವನ್ನು ಬದಲಿಸುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ. ಅಲ್ಲದೆ ನಿನ್ನೆ ರಾತ್ರಿ ಅಂಕಿಗಳನ್ನು ನೋಡುತ್ತ ಕೂತೆ. ಎಸ್‌ಎಇ 90 ದರ್ಜೆಯ ಎಣ್ಣೆ 100 ಡಿಗ್ರಿಯಲ್ಲಿ 13.5 ಸೆಂಟಿಸ್ಟೋಕ್ಸ್‌ಗಿಂತ ಕಡಿಮೆ ಇರುವಂತಿಲ್ಲ; ಎಟಿಎಫ್ ಅದರ ಅರ್ಧದಷ್ಟಿದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಗೇರು ಅಷ್ಟು ದಪ್ಪನೆಯ ಎಣ್ಣೆಯನ್ನು ಕಡೆಯತೊಡಗಿದರೆ ನೊರೆಯೇಳುತ್ತದೆ, ಬಿಸಿಯಾಗುತ್ತದೆ, ಒಂದೇ ಚಾರ್ಜಿನಲ್ಲಿ ಹೋಗುವ ದೂರವೂ ಸ್ವಲ್ಪ ತಗ್ಗುತ್ತದೆ. ಜಿಎಲ್-5 ಹುಟ್ಟಿದ್ದು ಹೈಪಾಯ್ಡ್ ಗೇರುಗಳಿಗಾಗಿ, ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತವೆ. ಇಲ್ಲಿರುವ ಓರೆ ಹಲ್ಲಿನ ಹೆಲಿಕಲ್ ಗೇರುಗಳಿಗೆ ಅಷ್ಟು ಬಲವಾದ ಔಷಧ ಬೇಡ.

ಸಂದೇಹಿ

ಅಂತೂ ಎಟಿಎಫ್ ಎಂದಾಯಿತು. ಅಂಗಡಿಯಲ್ಲಿ 'ಎಲ್ಲ ಗಾಡಿಗಳಿಗೂ ಸೂಕ್ತ' ಎಂದು ಬರೆದ ಡಬ್ಬ ತಂದು ಸುರಿದರೆ ಮುಗಿಯಿತಲ್ಲ.

ಬೀಕರ್

'ಸೂಕ್ತ' ಎಂಬ ಮಾತು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಒಂದು ಮಾನದಂಡದ ಪರವಾನಗಿ ಪಡೆದ ಎಣ್ಣೆ ಬೇರೆ, ಆ ಮಾನದಂಡ ಕೇಳುವ ಗಾಡಿಗೆ ಬಳಸಬಹುದೆಂದು ಮಾರುವವರೇ ಹೇಳಿಕೊಳ್ಳುವ ಎಣ್ಣೆ ಬೇರೆ. ಎರಡನೆಯದು ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಆದರೆ ಅದರ ಹಿಂದೆ ಮೂರನೆಯವರ ಪರಿಶೀಲನೆ ಇರುವುದಿಲ್ಲ.

ಎಟಿಎಫ್ ಎಂಬುದು ಕೂಡ ಒಂದೇ ದ್ರವವಲ್ಲ. ಜನರಲ್ ಮೋಟಾರ್ಸ್ ರೂಪಿಸಿದ ಡೆಕ್ಸ್‌ರಾನ್-3 ಜಾತಿಯ ಎಣ್ಣೆಗಳು 100 ಡಿಗ್ರಿಯಲ್ಲಿ 7ರಿಂದ 7.5 ಸೆಂಟಿಸ್ಟೋಕ್ಸ್ ಆಸುಪಾಸಿನಲ್ಲಿರುತ್ತಿದ್ದವು. 2005ರಲ್ಲಿ ಬಂದ ಡೆಕ್ಸ್‌ರಾನ್-6 ಹೊಸದಾಗಿರುವಾಗಲೇ 6.4ನ್ನು ಮೀರುವಂತಿಲ್ಲ. ಹಳೆಯದರ ಪರವಾನಗಿಯನ್ನು 2006ರ ಕೊನೆಗೆ ನಿಲ್ಲಿಸಲಾಯಿತು; ಆದ್ದರಿಂದ ಇಂದು 'ಡೆಕ್ಸ್‌ರಾನ್-3 ಬಗೆಯ' ಎಂದು ಮಾರುವ ಡಬ್ಬಗಳಿಗೆ ಆ ಹೆಸರಿನ ಅಧಿಕೃತ ಪರವಾನಗಿ ಇರಲು ಸಾಧ್ಯವಿಲ್ಲ. ತೆಳುವಾದದ್ದು ಕೆಟ್ಟದ್ದು ಎಂದು ಇದರರ್ಥವಲ್ಲ, ಏಕೆಂದರೆ ಡೆಕ್ಸ್‌ರಾನ್-6 ಬಳಕೆಯಲ್ಲಿ ತನ್ನ ಸ್ನಿಗ್ಧತೆಯನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ.

ಗೇರುಹಲ್ಲು

ಒಂದು ಸಮಾಧಾನದ ಸಂಗತಿಯೂ ಇದೆ. ಎಟಿಎಫ್ ವಿಷಯದಲ್ಲಿ ಜನ ಹೊಡೆದಾಡುವುದು ಹೆಚ್ಚಾಗಿ ಕ್ಲಚ್‌ಗಳ ಘರ್ಷಣೆಯ ಗುಣದ ಬಗ್ಗೆ. ನಮ್ಮ ಒಂದೇ ವೇಗದ ಪೆಟ್ಟಿಗೆಯಲ್ಲಿ ಕ್ಲಚ್ಚೇ ಇಲ್ಲ. ಹೀಗಾಗಿ ಆ ಅರ್ಧ ತಲೆನೋವು ನಮಗೆ ಅನ್ವಯಿಸುವುದಿಲ್ಲ, ಸ್ನಿಗ್ಧತೆ, ಸವೆತ ತಡೆ, ತಾಮ್ರ ಮತ್ತು ಸೀಲ್ ರಬ್ಬರಿನೊಂದಿಗೆ ಹೊಂದಾಣಿಕೆ ಇಷ್ಟನ್ನು ನೋಡಿದರೆ ಸಾಕು. ಬೇರೆ ತಯಾರಕರು ಏನು ಆರಿಸಿದರು ಎಂಬುದೂ ದಾರಿ ತೋರಿಸುತ್ತದೆ. ಲೀಫ್‌ಗೆ ನಿಸ್ಸಾನ್‌ನವರದೇ ಮ್ಯಾಟಿಕ್-ಎಸ್ ಎಂಬ ಎಟಿಎಫ್, ಮಿತ್ಸುಬಿಷಿ ಐ-ಮೀವ್‌ಗೆ ಎಸ್‌ಪಿ-3 ಎಟಿಎಫ್. ಹ್ಯುಂಡೈ ಕೋನಾಗೆ ಮಾತ್ರ 70ಡಬ್ಲ್ಯು ಗೇರ್ ಆಯಿಲ್, ಅದೂ ಆ ಔಷಧ ಕಡಿಮೆಯಿರುವ ಜಿಎಲ್-4 ದರ್ಜೆಯದು, ಜಿಎಲ್-5 ಅಲ್ಲ.

ತಾಮ್ರತಂತಿ

ವೈಂಡಿಂಗ್ ಬಗ್ಗೆ ಹೆದರುವವರಿಗೆ ಟೊಯೋಟಾ ಪ್ರಿಯಸ್ ಒಳ್ಳೆಯ ಸಾಕ್ಷಿ. ಅದು ಹೈಬ್ರಿಡ್ ಆದರೂ ಅದರ ಮೋಟಾರುಗಳ ತಾಮ್ರ ಎಟಿಎಫ್‌ನಲ್ಲೇ ನೆನೆದಿರುತ್ತದೆ. ಮೊದಲ ತಲೆಮಾರಿಗೆ ಟಿ-4, 2004ರ ಮಾದರಿಯಿಂದ ಮುಂದಕ್ಕೆ ಡಬ್ಲ್ಯುಎಸ್ ಎಂಬ ಎಟಿಎಫ್. ಲಕ್ಷಾಂತರ ಕಿಲೋಮೀಟರ್ ಓಡಿದ ಅಂಥ ಪೆಟ್ಟಿಗೆಗಳನ್ನು ನಾನು ಬಿಚ್ಚಿದ್ದೇನೆ, ತಾಮ್ರ ಹೊಸದರಂತೆ ಹೊಳೆಯುತ್ತಿತ್ತು. ಆದರೆ ಎಟಿಎಫ್‌ಗೆ ನೀರು ಸೇರಿದರೆ ಕಥೆ ಬೇರೆ. ಬಿಸಿಯಲ್ಲಿ ನೀರು ಎನಾಮೆಲ್‌ನ ಪಾಲಿಯೆಸ್ಟರ್-ಇಮೈಡ್ ಪದರವನ್ನು ನಿಧಾನವಾಗಿ ಕರಗಿಸುತ್ತ ಹೋಗುತ್ತದೆ.

ನೀಲಿನೀರು

ನೀರಿನ ಮಾತು ಬಂದದ್ದರಿಂದ ಕೂಲಂಟ್ ಬಗ್ಗೆ ಬರೆಯುತ್ತೇನೆ. ಹಳೆಬಂಡಿಯವರ ಆ ಪ್ರಶ್ನೆಯನ್ನು ಎಲ್ಲರೂ ಮರೆತಿದ್ದಾರೆ. ಮೊದಲನೆಯದಾಗಿ, ಬಣ್ಣ ನೋಡಿ ಕೊಳ್ಳಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವಂತೆ ನೀಲಿಯದೆಲ್ಲ ಒಂದೇ ಕೂಲಂಟ್ ಅಲ್ಲ. ಬಣ್ಣ ತಯಾರಕರ ಇಷ್ಟ, ಅದಕ್ಕೆ ಯಾವ ಮಾನದಂಡವೂ ಇಲ್ಲ. ಒಳಗಿರುವ ತುಕ್ಕು ನಿರೋಧಕ ಯಾವುದು ಎಂಬುದೇ ಮುಖ್ಯ: ಸಿಲಿಕೇಟ್, ಫಾಸ್ಫೇಟ್, ಸಾವಯವ ಆಮ್ಲ ಅಥವಾ ಇವುಗಳ ಮಿಶ್ರಣ. ಗೊತ್ತಿಲ್ಲದ ಎರಡನ್ನು ಬೆರೆಸಿದರೆ ನಿರೋಧಕದ ಆಯಸ್ಸು ಕುಸಿಯುತ್ತದೆ, ಕೆಲವು ಜೋಡಿಗಳಲ್ಲಿ ಸಿಲಿಕೇಟ್ ಗಟ್ಟಿಯಾಗಿ ಜೆಲ್ಲಿನಂತೆ ಕಟ್ಟಿಕೊಳ್ಳುತ್ತದೆ, ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿಯಾಗಿಸುವ ಇನ್ವರ್ಟರಿನ ಸಣ್ಣ ನಾಳಗಳಲ್ಲಿ ಅದು ಸಿಕ್ಕಿಕೊಂಡರೆ ಎಣ್ಣೆ ಎಷ್ಟು ಒಳ್ಳೆಯದಾದರೂ ಉಪಯೋಗವಿಲ್ಲ.

ಆದ್ದರಿಂದ ಬದಲಿ ಹುಡುಕುವುದಕ್ಕಿಂತ ಪೂರ್ತಿ ತೆಗೆದು, ಡಿಸ್ಟಿಲ್ಡ್ ಅಥವಾ ಡಿಅಯೊನೈಸ್ಡ್ ನೀರಿನಿಂದ ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದು, ಅಲ್ಯೂಮಿನಿಯಂಗೆ ಒಪ್ಪುವ ಒಂದೇ ಜಾತಿಯ ಕೂಲಂಟನ್ನು ಹೊಸದಾಗಿ ತುಂಬುವುದು ಸುಲಭ. ನಲ್ಲಿಯ ನೀರನ್ನು ಬೆರೆಸಬೇಡಿ, ಗಡಸು ನೀರಿನ ಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಸೇರಿ ಹೊಪ್ಪಳೆ ಕಟ್ಟುತ್ತದೆ. ಎಥಿಲೀನ್ ಗ್ಲೈಕಾಲ್ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಅರ್ಧಕ್ಕರ್ಧ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಅಪ್ಪಟ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಹೆಪ್ಪುಗಟ್ಟುತ್ತದೆ, ಶಾಖವನ್ನೂ ನೀರಿಗಿಂತ ಕಡಿಮೆ ಹೊರುತ್ತದೆ. ಇಳಿಸಿದ ಕೂಲಂಟ್ ಸಿಹಿಯಾಗಿದ್ದು ವಿಷಕಾರಿಯಾದ್ದರಿಂದ ನಾಯಿ ಬೆಕ್ಕುಗಳ ಬಾಯಿಗೆ ಸಿಗದಂತೆ ಮುಚ್ಚಿಡಿ.

ಸಂದೇಹಿ

ವಿದ್ಯುತ್ ಗಾಡಿಗೆ ಕಡಿಮೆ ವಾಹಕತೆಯ ವಿಶೇಷ ಕೂಲಂಟೇ ಬೇಕು ಎಂದು ಓದಿದ್ದೇನೆ. ಇದಕ್ಕೇನು ಹೇಳುತ್ತೀರಿ?

ನೀಲಿನೀರು

ಒಳ್ಳೆಯ ಪ್ರಶ್ನೆ. ಕೂಲಂಟ್ ಬ್ಯಾಟರಿ ಪೆಟ್ಟಿಗೆಯೊಳಗೆ ಹರಿಯುವ ಕೆಲವು ಗಾಡಿಗಳಲ್ಲಿ, ಸೋರಿಕೆಯಾದರೆ ಶಾರ್ಟ್ ಆಗದಿರಲೆಂದು ಅಂಥದ್ದನ್ನು ಕಡ್ಡಾಯ ಮಾಡಿದ್ದಾರೆ, ಅಲ್ಲಿ ಸಾಮಾನ್ಯ ಕೂಲಂಟನ್ನು ಒಂದು ಲೋಟದಷ್ಟೂ ಬೆರೆಸಬಾರದು. ಹಳೆಬಂಡಿಯವರ ಗಾಡಿಯ ಬ್ಯಾಟರಿಗೆ ಗಾಳಿಯ ತಂಪು ಇದ್ದು, ಕೂಲಂಟ್ ಮೋಟಾರಿನ ಹೊರಗವಚ ಮತ್ತು ಇನ್ವರ್ಟರಿನ ತಳದಲ್ಲಿ ಮಾತ್ರ ಹರಿಯುತ್ತಿದ್ದರೆ ಸಾಮಾನ್ಯ ಜಾತಿಯದು ನಡೆಯುತ್ತದೆ.

ಹಳೆಬಂಡಿ

ಹೌದು, ಬ್ಯಾಟರಿಗೆ ಗಾಳಿಯದೇ ತಂಪು. ಒಂದು ಅನುಮಾನ: ಕಾಣೆಯಾದ ಎಣ್ಣೆಯ ಜಾಗಕ್ಕೆ ಕೂಲಂಟ್ ಸೇರಿರಬಹುದೇ? ಗೇರು ಪೆಟ್ಟಿಗೆಯನ್ನು ಸೀಮೆಎಣ್ಣೆಯಿಂದ ತೊಳೆದುಬಿಡಿ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ.

ನೆಲಮಟ್ಟ

ಸೀಮೆಎಣ್ಣೆ ಬೇಡವೇ ಬೇಡ. ಅದು ಮೂಲೆಗಳಲ್ಲಿ ಉಳಿದು ಹೊಸ ಎಣ್ಣೆಯನ್ನು ತೆಳ್ಳಗೆ ಮಾಡುತ್ತದೆ. ತೊಳೆಯಲೇಬೇಕಾದರೆ ಹಾಕಬೇಕಾದ ಎಣ್ಣೆಯನ್ನೇ ಹಾಕಿ, ನಾಲ್ಕು ದಿನ ಓಡಿಸಿ, ಮತ್ತೆ ಇಳಿಸಿ.

ಬೀಕರ್

ನೀರಿದೆಯೇ ಎಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಕಾದ ಲೋಹದ ತಟ್ಟೆಯ ಮೇಲೆ ಒಂದೆರಡು ಹನಿ ಹಳೆಯ ಎಣ್ಣೆ ಬಿಡಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಚಟಪಟ ಎಂದು ಸಿಡಿದರೆ ನೀರಿದೆ. ಸುಮ್ಮನೆ ಹೊಗೆಯಾಡಿದರೆ ಹೆಚ್ಚಿನ ನೀರಿಲ್ಲ. ಒಗ್ಗರಣೆ ಹಾಕಿದವರಿಗೆ ಈ ಸದ್ದನ್ನು ಹೇಳಿಕೊಡಬೇಕಿಲ್ಲ. ಉಳಿದ ಎಣ್ಣೆಯನ್ನು ಶುಭ್ರವಾದ ಶೀಶೆಯಲ್ಲಿ ಪ್ರಯೋಗಾಲಯಕ್ಕೆ ಕಳುಹಿಸಿ, ಸ್ನಿಗ್ಧತೆ ಮತ್ತು ಲೋಹಗಳ ವರದಿಯನ್ನು ಕೇಳಿ.

ತಾಮ್ರತಂತಿ

ಎಣ್ಣೆಯ ವರದಿ ಬರುವ ಮುನ್ನ ಮೋಟಾರಿನ ಇನ್ಸುಲೇಷನ್ ಅಳೆಸಿ. ಇದನ್ನು ನೀವೇ ಮಾಡಬೇಡಿ, ಹೈವೋಲ್ಟೇಜ್ ತರಬೇತಿ ಇರುವವರಿಂದ ಮಾಡಿಸಿ. ಅವರು ಸರ್ವಿಸ್ ಪ್ಲಗ್ ಕಿತ್ತು, ಇನ್ವರ್ಟರಿನ ಕೆಪಾಸಿಟರ್‌ಗಳು ಖಾಲಿಯಾಗುವವರೆಗೆ ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ವೋಲ್ಟೇಜ್ ಇಲ್ಲವೆಂದು ಅಳೆದು ಖಚಿತಪಡಿಸಿಕೊಂಡ ಮೇಲಷ್ಟೇ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟುತ್ತಾರೆ. ಮೋಟಾರಿನ ಮೂರು ತಂತಿಗಳನ್ನು ಇನ್ವರ್ಟರಿನಿಂದ ಬೇರ್ಪಡಿಸದೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದರೆ ಇನ್ವರ್ಟರೇ ಹೋಗಬಹುದು.

ಸುರಕ್ಷತಾ ಮಾನದಂಡವಾದ ಐಎಸ್‌ಒ 6469ರಲ್ಲಿ ಎಸಿ ಸರ್ಕ್ಯೂಟಿಗೆ ಪ್ರತಿ ವೋಲ್ಟಿಗೆ 500 ಓಮ್ ಕನಿಷ್ಠ ಮಿತಿಯಿದೆ. 330 ವೋಲ್ಟಿನ ಗಾಡಿಗೆ ಅದು 1,65,000 ಓಮ್ ಆಗುತ್ತದೆ. ಅದು ಮನುಷ್ಯನಿಗೆ ಶಾಕ್ ಹೊಡೆಯದಿರಲು ಬೇಕಾದ ಮಿತಿ. ಆರೋಗ್ಯವಂತ ವೈಂಡಿಂಗ್ ಅದರ ಎಷ್ಟೋ ಪಟ್ಟು, ಮೆಗಾಓಮ್‌ಗಳಲ್ಲಿ ತೋರಿಸಬೇಕು. ಇದು ಕೆಟ್ಟಿದ್ದರೆ ಎಣ್ಣೆ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹಳೆಬಂಡಿ

ಎರಡು ವಾರ ಕಳೆಯಿತು, ವರದಿ ಒಪ್ಪಿಸುತ್ತಿದ್ದೇನೆ. ತಟ್ಟೆಯ ಮೇಲೆ ಎಣ್ಣೆ ಸಿಡಿಯಲಿಲ್ಲ. ಮೆಗ್ಗರ್ ನೂರು ಮೆಗಾಓಮ್‌ಗೂ ಮಿಗಿಲು ತೋರಿಸಿತು. ಪ್ರಯೋಗಾಲಯದ ಪ್ರಕಾರ ಹಳೆಯ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಯಲ್ಲಿ 6.7 ಸೆಂಟಿಸ್ಟೋಕ್ಸ್, ರಂಜಕ ಬಹಳ ಕಡಿಮೆ, ಕಬ್ಬಿಣ ಹೆಚ್ಚು, ತಾಮ್ರ ನಗಣ್ಯ.

ಗೇರುಹಲ್ಲು

6.7 ಎಂದಮೇಲೆ ಡೆಕ್ಸ್‌ರಾನ್-6 ಅಲ್ಲವೇ ಅಲ್ಲ, ಅದು 6.4 ಮೀರುವಂತಿಲ್ಲವಲ್ಲ. ಹಳೆಯ 3ನೇ ಜಾತಿಯೇ ಸವೆದು ತೆಳ್ಳಗಾಗಿದೆ.

ಬೀಕರ್

ಅಷ್ಟು ಖಡಾಖಂಡಿತವಾಗಿ ಹೇಳಲಾಗದು. ಬಳಸಿದ ಎಣ್ಣೆ ಎರಡು ದಿಕ್ಕಿನಲ್ಲಿ ಕೆಡುತ್ತದೆ: ಗೇರಿನ ಹಲ್ಲುಗಳು ಅದರ ಉದ್ದನೆಯ ಅಣುಗಳನ್ನು ಕತ್ತರಿಸಿ ತೆಳ್ಳಗೆ ಮಾಡುತ್ತವೆ, ಗಾಳಿ ಮತ್ತು ಶಾಖ ಅದನ್ನು ಆಕ್ಸೀಕರಿಸಿ ದಪ್ಪ ಮಾಡುತ್ತವೆ. 6.7 ಎಂಬುದು ಇವೆರಡರ ಜಗಳದ ಫಲಿತಾಂಶ. ರಂಜಕ ಕಡಿಮೆ ಇರುವುದರಿಂದ ಇದು ಜಿಎಲ್-5 ಅಲ್ಲ, ಎಟಿಎಫ್ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ, ಏಕೆಂದರೆ ಗೇರ್ ಆಯಿಲ್‌ನಲ್ಲಿ ರಂಜಕ ಹಲವು ಪಟ್ಟು ಹೆಚ್ಚಿರುತ್ತದೆ. ತಾಮ್ರ ನಗಣ್ಯವೆಂದರೆ ವೈಂಡಿಂಗನ್ನು ಈ ಎಣ್ಣೆ ತಿಂದಿಲ್ಲ. ನನ್ನ ಗಾಡಿಯಾಗಿದ್ದರೆ, 100 ಡಿಗ್ರಿಯಲ್ಲಿ 7ರ ಸಮೀಪವಿರುವ, ತಾಮ್ರದ ಪರೀಕ್ಷೆಯಲ್ಲಿ 1ನೇ ದರ್ಜೆ ಪಡೆದ ಸಿಂಥೆಟಿಕ್ ಎಟಿಎಫ್ ಹಾಕುತ್ತಿದ್ದೆ.

ತಾಮ್ರತಂತಿ

ನಾನೂ ಅದಕ್ಕೇ ಸಹಿ ಹಾಕುತ್ತೇನೆ, ಸೀಲ್ ಬದಲಿಸುತ್ತೀರಿ ಎಂಬ ಷರತ್ತಿನ ಮೇಲೆ. ಸೀಲ್ ಕೊಳ್ಳುವಾಗ ಅಳತೆ ಹೊಂದಿದರೆ ಸಾಲದು, ರಬ್ಬರಿನ ಜಾತಿಯನ್ನೂ ಕೇಳಬೇಕು. 30 ಮಿಲಿಮೀಟರ್ ಶಾಫ್ಟ್ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಸೀಲ್‌ನ ತುಟಿಯ ಮೇಲೆ ಲೋಹ ಸೆಕೆಂಡಿಗೆ ಸುಮಾರು 15.7 ಮೀಟರ್ ವೇಗದಲ್ಲಿ ಉಜ್ಜುತ್ತದೆ. ಕಪ್ಪು ನೈಟ್ರೈಲ್ ರಬ್ಬರಿಗೆ ಸಾಮಾನ್ಯವಾಗಿ ಹೇಳುವ ಮಿತಿ 12ರಿಂದ 14 ಮೀಟರ್. ಫ್ಲೋರೋ ರಬ್ಬರಿನದು ಅದರ ಎರಡು ಪಟ್ಟಿಗೂ ಹೆಚ್ಚು ತಾಳುತ್ತದೆ, ಬಿಸಿಯನ್ನೂ ತಡೆಯುತ್ತದೆ. ಎಷ್ಟೋ ಜನ ಅಗ್ಗದ ಸೀಲ್ ಹಾಕಿ, ಅದು ಆರೇ ತಿಂಗಳಲ್ಲಿ ಸುಟ್ಟು ಗಟ್ಟಿಯಾದಾಗ ಎಣ್ಣೆಯನ್ನು ಬೈಯುತ್ತಾರೆ.

ಶಾಫ್ಟ್ ಮೇಲೆ ಹಳೆಯ ತುಟಿ ಕೊರೆದ ಗೆರೆ ಉಗುರಿಗೆ ತಾಕುವಂತಿದ್ದರೆ, ಸ್ಥಳವಿದ್ದಲ್ಲಿ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಕೂರಿಸಲು ಹೇಳಿ. ಆ ಸಣ್ಣ ರಂಧ್ರವನ್ನು ಚೊಕ್ಕಟ ಮಾಡುವುದನ್ನು ಮರೆಯಬೇಡಿ. ಪೆಟ್ಟಿಗೆಯ ಮೇಲಿರುವ ಬ್ರೀದರ್ ಮುಚ್ಚಿದ್ದರೆ ಅದನ್ನೂ ಬಿಡಿಸಿ. ಬಿಸಿಯಾದ ಗಾಳಿಗೆ ದಾರಿಯಿಲ್ಲದಿದ್ದರೆ ಅದು ಹೊಸ ಸೀಲನ್ನೂ ತಳ್ಳಿಕೊಂಡು ಹೊರಬರುತ್ತದೆ.

ಕಾರ್ಬನ್‌ಬ್ರಷ್

ಬಿಚ್ಚಿದಾಗ ಬೇರಿಂಗ್‌ನ ಓಟದ ಹಾದಿಯನ್ನೂ ನೋಡಿಸಿ. ಇನ್ವರ್ಟರಿನಿಂದ ಬರುವ ಅಡ್ಡಕರೆಂಟ್ ಶಾಫ್ಟ್ ಮೂಲಕ ಬೇರಿಂಗ್ ದಾಟುವಾಗ ಸಣ್ಣ ಸಣ್ಣ ಕಿಡಿಗಳು ಹಾರಿ, ಬಟ್ಟೆ ಒಗೆಯುವ ಹಲಗೆಯ ಮೇಲಿನಂಥ ಗೆರೆಗಳು ಮೂಡುತ್ತವೆ. ಅಂಥ ಗೆರೆಗಳಿದ್ದರೆ ನಿಮ್ಮ ಕಬ್ಬಿಣದ ಪುಡಿಯ ಒಂದು ಪಾಲು ಅಲ್ಲಿಯದು, ಅದನ್ನು ಯಾವ ಎಣ್ಣೆಯೂ ವಾಸಿ ಮಾಡದು.

ಹಳೆಬಂಡಿ

ಕೆಲಸ ಮುಗಿಯಿತು. ಸೀಲ್‌ನ ತುಟಿ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿತ್ತು. ಮೋಟಾರಿನ ತಳದಲ್ಲಿ ಒಂದು ಬಟ್ಟಲಿನಷ್ಟು ಎಣ್ಣೆ ನಿಂತಿತ್ತು, ಆದರೆ ವೈಂಡಿಂಗ್ ಬಣ್ಣ ಕೆಟ್ಟಿರಲಿಲ್ಲ. ಬೇರಿಂಗ್‌ನಲ್ಲಿ ಗೆರೆಗಳಿರಲಿಲ್ಲ. ರಂಧ್ರದಿಂದ ಕಡ್ಡಿಯಲ್ಲಿ ಚುಚ್ಚಿ ತೆಗೆದ ಮಣ್ಣು ಒಂದು ಚಮಚದಷ್ಟಿತ್ತು. ಫ್ಲೋರೋ ರಬ್ಬರಿನ ಸೀಲ್ ಹಾಕಿಸಿ, ಬೀಕರ್ ಮೇಡಂ ಹೇಳಿದ ಗುಣಗಳುಳ್ಳ ಎಟಿಎಫ್ ಒಂದು ಲೀಟರ್ ತುಂಬಿದೆ, ಕೂಲಂಟನ್ನು ನಾಲ್ಕು ಸಲ ತೊಳೆದು ಹೊಸದು ಹಾಕಿದೆ. ಐನೂರು ಕಿಲೋಮೀಟರ್ ಓಡಿಸಿ ಎಣ್ಣೆಯನ್ನು ಮತ್ತೆ ಇಳಿಸಿದಾಗ ಬೂದು ಮಿಶ್ರಿತ ಕೆಂಪು ಬಣ್ಣವಿತ್ತು, ಹಾಕಿದ ಅಳತೆಯಲ್ಲಿ ಹೆಚ್ಚು ಕಡಿಮೆಯಾಗಿರಲಿಲ್ಲ. ಅದೇ ಎಣ್ಣೆಯನ್ನು ಎರಡನೇ ಬಾರಿ ತುಂಬಿದ್ದೇನೆ.

ಸಂದೇಹಿ

ಜೀವಮಾನದ ಎಣ್ಣೆ ಎಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ನನ್ನ ಗಾಡಿಯ ಕೆಳಗೂ ಆ ಸಣ್ಣ ರಂಧ್ರ ಇದೆಯೇ ಎಂದು ನಾಳೆ ನೋಡುತ್ತೇನೆ.

ನೆಲಮಟ್ಟ

ಎರಡು ಬಾರಿ ಬಿಚ್ಚಿ ಹಾಕಿದ್ದೀರಿ, ಡ್ರೇನ್ ಪ್ಲಗ್‌ನ ವಾಷರನ್ನು ಎರಡೂ ಬಾರಿ ಹೊಸದು ಹಾಕಿದಿರಾ?

ಹಳೆಬಂಡಿ

ಮೊದಲ ಬಾರಿ ಹಳೆಯದನ್ನೇ ತಿರುಗಿಸಿ ಹಾಕಿದ್ದೆ, ಬೆಳಿಗ್ಗೆ ನೆಲದ ಮೇಲೆ ಎರಡು ಹನಿ ಕಂಡವು. ಎರಡನೇ ಬಾರಿ ಹೊಸದು ಹಾಕಿದ್ದೇನೆ.